ಮುದ್ದೆ ಬಿಟ್ಟು ಬೆಣ್ಣೆ ಹಿಡಿದರೆ: ಕೀಟೊ ಆಹಾರಕ್ರಮದ ಲಾಭ-ನಷ್ಟ

ಒಂದು ದೊಡ್ಡ ರಾಗಿ ಮುದ್ದೆ ಕಟ್ಟಲು ಹೆಚ್ಚುಕಡಿಮೆ ನೂರು ಗ್ರಾಂ ಹಿಟ್ಟು ಬೇಕು. ಅದರಲ್ಲಿ 65 ಗ್ರಾಂಗಿಂತ ಹೆಚ್ಚು ಕಾರ್ಬೋಹೈಡ್ರೇಟ್ (ಮುಂದೆ ಪಿಷ್ಟ ಎಂದಿರುವುದು ಇದನ್ನೇ) ಇರುತ್ತದೆ. ಕೀಟೊ ಆಹಾರಕ್ರಮ ಇಡೀ ದಿನಕ್ಕೆ ಒಪ್ಪುವುದು 20ರಿಂದ 50 ಗ್ರಾಂ ಮಾತ್ರ. ಮಂಡ್ಯದಲ್ಲೋ ಹಾಸನದಲ್ಲೋ ಮಧ್ಯಾಹ್ನದ ಊಟಕ್ಕೆ ಕೂತವರು ಮೊದಲ ಮುದ್ದೆ ಮುಗಿಸುವ ಹೊತ್ತಿಗೆ ಆ ದಿನದ ಮಿತಿ ದಾಟಿರುತ್ತಾರೆ. ಬಡಿಸಿಕೊಂಡ ಅನ್ನ, ಜೋಳದ ರೊಟ್ಟಿ, ಬೆಳಗಿನ ಇಡ್ಲಿ ಯಾವುದಕ್ಕೂ ಆ ಲೆಕ್ಕದಲ್ಲಿ ಜಾಗವಿಲ್ಲ. ಬೇಳೆ, ಹಾಲು, ಬಾಳೆಹಣ್ಣು ಕೂಡ ಹೊರಗೆ. ಒಳಗೆ ಉಳಿಯುವುದು ಬೆಣ್ಣೆ, ತುಪ್ಪ, ಕೊಬ್ಬರಿ ಎಣ್ಣೆ, ಪನೀರ್, ಮೊಟ್ಟೆ, ಮೀನು, ಮಾಂಸ, ಬಾದಾಮಿ ಮತ್ತು ಸೊಪ್ಪು.

ಇಷ್ಟು ಕಠಿಣವಾದ ಕ್ರಮವನ್ನು ಬೆಂಗಳೂರಿನ ಕಚೇರಿಗಳಿಂದ ಹಿಡಿದು ಜಿಲ್ಲಾ ಕೇಂದ್ರಗಳ ಜಿಮ್‌ಗಳವರೆಗೆ ಜನ ಪಾಲಿಸುತ್ತಿದ್ದಾರೆ. ತೂಕ ಇಳಿಯುತ್ತದೆ, ಸಕ್ಕರೆ ಹತೋಟಿಗೆ ಬರುತ್ತದೆ, ದಿನವಿಡೀ ಚೈತನ್ಯ ಇರುತ್ತದೆ ಎಂಬ ಮೂರು ಭರವಸೆಗಳು ಅವರನ್ನು ಇದರತ್ತ ಎಳೆದಿವೆ. ಮೂರರಲ್ಲೂ ಸತ್ಯದ ಅಂಶವಿದೆ. ಆದರೆ ಎಷ್ಟು ಸತ್ಯ, ಯಾರಿಗೆ, ಎಷ್ಟು ಕಾಲ ಎಂಬುದನ್ನು ಬಿಡಿಸಿ ನೋಡದೆ ಇದನ್ನು ಕೈಗೆತ್ತಿಕೊಳ್ಳುವುದು, ಅದರಲ್ಲೂ ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿರುವವರು ಕೈಗೆತ್ತಿಕೊಳ್ಳುವುದು ಅಪಾಯಕಾರಿ. ಈ ಲೇಖನ ಬರೆಯುವುದಕ್ಕೆ ಮುಖ್ಯ ಕಾರಣವೂ ಅದೇ.

ಈ ಆಹಾರಕ್ರಮ ಹುಟ್ಟಿದ್ದು ತೂಕ ಇಳಿಸುವುದಕ್ಕಲ್ಲ, ಮೂರ್ಛೆ ರೋಗದ ಚಿಕಿತ್ಸೆಗೆ. ಉಪವಾಸ ಮಾಡಿಸಿದರೆ ಕೆಲವು ಮಕ್ಕಳಲ್ಲಿ ಮೂರ್ಛೆ ಬರುವುದು ನಿಲ್ಲುತ್ತದೆ ಎಂಬುದು ವೈದ್ಯರಿಗೆ ಬಹಳ ಹಿಂದಿನಿಂದ ಗೊತ್ತಿತ್ತು. ಆದರೆ ಮಗುವನ್ನು ಎಷ್ಟು ದಿನ ಉಪವಾಸ ಇರಿಸಲು ಸಾಧ್ಯ? 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯ ರಸೆಲ್ ವೈಲ್ಡರ್ ಒಂದು ದಾರಿ ಸೂಚಿಸಿದರು. ಪಿಷ್ಟವನ್ನು ಬಹುತೇಕ ತೆಗೆದು ಕೊಬ್ಬನ್ನೇ ಉಣಿಸಿದರೆ, ಹೊಟ್ಟೆ ತುಂಬಿದ್ದರೂ ದೇಹ ಉಪವಾಸದಲ್ಲಿ ಇದ್ದಂತೆಯೇ ವರ್ತಿಸುತ್ತದೆ ಎಂಬುದು ಅವರ ಯೋಚನೆ. ಅದು ಫಲಿಸಿತು. 1938ರಲ್ಲಿ ಫೆನಿಟಾಯಿನ್ ಎಂಬ ಔಷಧಿ ಬಂದ ಮೇಲೆ ಮಾತ್ರೆ ನುಂಗುವುದೇ ಸುಲಭ ಎನಿಸಿ ಆಹಾರ ಚಿಕಿತ್ಸೆ ಹಿಂದೆ ಸರಿಯಿತು. ಔಷಧಿಗೆ ಬಗ್ಗದ ಮೂರ್ಛೆಗೆ ಅದು ಬೇಕೆಂದು 1990ರ ದಶಕದಲ್ಲಿ ಮತ್ತೆ ಮುನ್ನೆಲೆಗೆ ಬಂತು.

ಇಲ್ಲಿ ಸಿಕ್ಕಿರುವ ಪುರಾವೆ ಗಟ್ಟಿಯಾದುದು. 2008ರಲ್ಲಿ ಲಂಡನ್ನಿನ ಸಂಶೋಧಕರು 145 ಮಕ್ಕಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಈ ಆಹಾರ ತಿಂದ ಗುಂಪಿನ ಶೇ 38ರಷ್ಟು ಮಕ್ಕಳಿಗೆ ಮೂರ್ಛೆ ಅರ್ಧಕ್ಕಿಂತ ಹೆಚ್ಚು ಕಡಿಮೆಯಾಯಿತು. ತಿನ್ನದವರಲ್ಲಿ ಆ ಪ್ರಮಾಣ ಶೇ 6. ದೆಹಲಿಯ ಏಮ್ಸ್ ವೈದ್ಯರು ಇದನ್ನು ಸ್ವಲ್ಪ ಸಡಿಲಿಸಿ, ನಮ್ಮ ಮನೆಗಳಲ್ಲಿ ಮಾಡಬಹುದಾದ ರೂಪದಲ್ಲಿ 102 ಮಕ್ಕಳ ಮೇಲೆ ಪ್ರಯೋಗಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಲ್ಲಿಯೂ ಅರ್ಧಕ್ಕರ್ಧ ಮಕ್ಕಳಿಗೆ ಗಣನೀಯ ಲಾಭವಾಗಿತ್ತು. ದಿನಕ್ಕೆ ಹತ್ತಾರು ಬಾರಿ ಮೂರ್ಛೆ ಹೋಗುವ ಮಗುವಿನ ತಂದೆತಾಯಿಗೆ ಇದು ಎಷ್ಟು ದೊಡ್ಡ ಸಮಾಧಾನ ಎಂಬುದನ್ನು ಅಂಕಿಗಳು ಹೇಳಲಾರವು. ಹಾಗಾಗಿ ಕೀಟೊವನ್ನು ಬರೀ ಗೀಳು ಎಂದು ತಳ್ಳಿಹಾಕುವವರ ಜೊತೆ ನನ್ನ ಸಹಮತವಿಲ್ಲ.

ಆದರೆ ಆ ಮಕ್ಕಳಿಗೆ ಊಟ ಕೊಡುವ ಕ್ರಮವನ್ನೂ ನೋಡಬೇಕು. ಆಹಾರ ತಜ್ಞರು ಪ್ರತಿ ತುತ್ತನ್ನೂ ಗ್ರಾಂ ಲೆಕ್ಕದಲ್ಲಿ ತೂಗಿಸುತ್ತಾರೆ. ವಿಟಮಿನ್, ಕ್ಯಾಲ್ಸಿಯಂ ಪೂರಕಗಳನ್ನು ಕೊಡುತ್ತಾರೆ. ರಕ್ತ, ಮೂತ್ರ, ಬೆಳವಣಿಗೆ ಎಲ್ಲವನ್ನೂ ಕಾಲಕಾಲಕ್ಕೆ ಪರೀಕ್ಷಿಸುತ್ತಾರೆ. ಇಷ್ಟು ಕಾವಲಿದ್ದೂ ಕೆಲವು ಮಕ್ಕಳಿಗೆ ಮೂತ್ರಪಿಂಡದಲ್ಲಿ ಕಲ್ಲಾಗುತ್ತದೆ, ಕೆಲವರ ಎತ್ತರ ಕುಂಠಿತವಾಗುತ್ತದೆ. ಸಾಮಾನ್ಯವಾಗಿ ಎರಡು ವರ್ಷವಾದ ಮೇಲೆ ಆಹಾರಕ್ರಮವನ್ನು ನಿಧಾನವಾಗಿ ಬಿಡಿಸಲು ನೋಡುತ್ತಾರೆ. ಅದೇ ಆಹಾರವನ್ನು ಮೊಬೈಲಿನಲ್ಲಿ ಕಂಡ ಒಂದು ಪಟ್ಟಿಯ ಆಧಾರದ ಮೇಲೆ ನಲವತ್ತು ದಾಟಿದವರು ತಾವಾಗಿಯೇ ಶುರು ಮಾಡುವುದಕ್ಕೂ ಇದಕ್ಕೂ ಬಹಳ ಅಂತರವಿದೆ.

ದೇಹದೊಳಗೆ ಆಗುವುದೇನು?

ನಾವು ತಿಂದ ಅನ್ನ, ಮುದ್ದೆ, ರೊಟ್ಟಿ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ಆಗಿಂದಾಗಲೇ ಖರ್ಚಾಗದೆ ಉಳಿದ ಗ್ಲೂಕೋಸಿನಲ್ಲಿ ಒಂದಿಷ್ಟು ಪಾಲನ್ನು ದೇಹ ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ. ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ. ಪಿಷ್ಟ ನಿಲ್ಲಿಸಿದರೆ ಯಕೃತ್ತಿನ ದಾಸ್ತಾನು ಒಂದೆರಡು ದಿನಗಳಲ್ಲಿ ಬರಿದಾಗುತ್ತದೆ. ಇನ್ಸುಲಿನ್ ಮಟ್ಟ ಇಳಿಯುತ್ತದೆ. ಆಗ ಯಕೃತ್ತು ಕೊಬ್ಬನ್ನು ಒಡೆದು ಕೀಟೋನ್ ಎಂಬ ಪದಾರ್ಥಗಳನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಮಿದುಳಿಗೆ ಸಕ್ಕರೆಯೊಂದೇ ಆಹಾರ ಎಂಬ ಹಳೆಯ ನಂಬಿಕೆಯನ್ನು 1960ರ ದಶಕದಲ್ಲಿ ಹಾರ್ವರ್ಡ್‌ನ ಜಾರ್ಜ್ ಕೇಹಿಲ್ ಮತ್ತು ಸಂಗಡಿಗರು ಸುಳ್ಳು ಮಾಡಿದರು. ದೀರ್ಘ ಉಪವಾಸದಲ್ಲಿ ಮಿದುಳು ತನಗೆ ಬೇಕಾದ ಶಕ್ತಿಯ ಹೆಚ್ಚಿನ ಪಾಲನ್ನು ಕೀಟೋನ್‌ಗಳಿಂದಲೇ ಪಡೆಯುತ್ತದೆ ಎಂದು ಅವರು ತೋರಿಸಿದರು. ಬರಗಾಲದಲ್ಲಿ ಮನುಷ್ಯ ವಾರಗಟ್ಟಲೆ ಬದುಕಿ ಉಳಿಯುವುದು ಈ ವ್ಯವಸ್ಥೆಯಿಂದಲೇ.

ಗ್ಲೈಕೋಜನ್ ಒಂಟಿಯಾಗಿ ಇರುವುದಿಲ್ಲ. ಪ್ರತಿ ಗ್ರಾಂಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಅದು ಕರಗಿದಾಗ ನೀರೂ ಹೋಗುತ್ತದೆ. ಇನ್ಸುಲಿನ್ ಇಳಿದಾಗ ಮೂತ್ರಪಿಂಡ ಉಪ್ಪಿನಂಶವನ್ನು ಹೆಚ್ಚಾಗಿ ಹೊರಹಾಕುವುದರಿಂದ ಇನ್ನಷ್ಟು ನೀರು ಖಾಲಿಯಾಗುತ್ತದೆ. ಮೊದಲ ವಾರ ತೂಕದ ಯಂತ್ರದ ಮುಳ್ಳು ಎರಡು ಕಿಲೊ ಹಿಂದೆ ಹೋಗಲು ಮುಖ್ಯ ಕಾರಣ ಇದು. ಅದೇ ವಾರ ಕಾಡುವ ತಲೆನೋವು, ಸುಸ್ತು, ಸಿಡುಕು, ಕಾಲಿನ ಸೆಳೆತಗಳಿಗೂ ಬಹುಮಟ್ಟಿಗೆ ಇದೇ ಕಾರಣ. ಕರಗಿದ್ದು ಕೊಬ್ಬೇ ಎಂದುಕೊಂಡು ಜನ ಹಿಗ್ಗುತ್ತಾರೆ. ಮದುವೆ ಊಟಕ್ಕೆ ಹೋಗಿ ಹೋಳಿಗೆ ತಿಂದ ಮರುದಿನ ಎರಡು ಕಿಲೊ ಮರಳಿ ಬಂದರೆ ಎಲ್ಲ ವ್ಯರ್ಥವಾಯಿತೆಂದು ಕುಗ್ಗುತ್ತಾರೆ. ಎರಡೂ ಸಲ ಬಂದುಹೋದದ್ದು ಹೆಚ್ಚಿನಂಶ ನೀರು.

ಆಮೇಲೆ ನಿಜವಾದ ಕೊಬ್ಬು ಇಳಿಯುವುದಿಲ್ಲವೇ? ಇಳಿಯುತ್ತದೆ. ಕೀಟೋನ್‌ಗಳಿಂದ, ಹೆಚ್ಚು ಪ್ರೋಟೀನ್‌ನಿಂದ ಕೆಲವರಿಗೆ ಹಸಿವು ಮಂದವಾಗುತ್ತದೆ. ಬೋಂಡ, ಬಿಸ್ಕತ್ತು, ಸಿಹಿ, ತಂಪು ಪಾನೀಯ ಒಂದೇ ಏಟಿಗೆ ನಿಂತಿರುತ್ತವೆ. ಒಟ್ಟು ಊಟ ಕಡಿಮೆಯಾಗುತ್ತದೆ, ತೂಕ ಇಳಿಯುತ್ತದೆ. ಪ್ರಶ್ನೆ ಇರುವುದು ಬೇರೆ ಕಡೆ: ಕೊಬ್ಬು ತಿಂದು ಇನ್ಸುಲಿನ್ ಇಳಿಸಿದರೆ ಎಷ್ಟು ತಿಂದರೂ ಕೊಬ್ಬು ಕರಗುತ್ತದೆ ಎಂಬ ಪ್ರಚಾರದಲ್ಲಿ ಹುರುಳಿದೆಯೇ?

ಆಗ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಕೆವಿನ್ ಹಾಲ್ ಇದನ್ನು ಕಟ್ಟುನಿಟ್ಟಾಗಿ ಪರೀಕ್ಷಿಸಿದವರು. ಇಪ್ಪತ್ತು ಮಂದಿಯನ್ನು ನಾಲ್ಕು ವಾರ ಆಸ್ಪತ್ರೆಯಲ್ಲೇ ಇರಿಸಿ, ಎರಡು ವಾರ ಮಾಂಸ-ಮೊಟ್ಟೆ ಪ್ರಧಾನವಾದ ಕೀಟೊ ಊಟ, ಎರಡು ವಾರ ಶೇ 75ರಷ್ಟು ಪಿಷ್ಟವಿರುವ ಸಸ್ಯಾಹಾರಿ ಊಟ ಕೊಟ್ಟರು. ಎಷ್ಟು ಬೇಕಾದರೂ ತಿನ್ನುವ ಸ್ವಾತಂತ್ರ್ಯ ಇತ್ತು. 2021ರಲ್ಲಿ ಪ್ರಕಟವಾದ ಫಲಿತಾಂಶ ಹಲವರ ನಿರೀಕ್ಷೆಯನ್ನು ತಲೆಕೆಳಗು ಮಾಡಿತು. ಪಿಷ್ಟದ ಊಟದಲ್ಲಿ ರಕ್ತದ ಸಕ್ಕರೆ, ಇನ್ಸುಲಿನ್ ಎರಡೂ ಹೆಚ್ಚು ಏರಿದವು. ಆದರೂ ಆ ಎರಡು ವಾರ ಜನ ದಿನಕ್ಕೆ ಸುಮಾರು 700 ಕ್ಯಾಲೊರಿ ಕಡಿಮೆ ತಿಂದರು. ಗಮನಾರ್ಹವಾಗಿ ಕೊಬ್ಬು ಇಳಿದದ್ದೂ ಆಗಲೇ. ಎರಡು ವಾರ ಎಂಬುದು ಚಿಕ್ಕ ಅವಧಿ, ಅದರಿಂದ ಕೀಟೊ ಸೋತಿತು ಎನ್ನಲಾಗದು. ಆದರೆ ಇನ್ಸುಲಿನ್ ಏರಿತೆಂದ ಮಾತ್ರಕ್ಕೆ ಮನುಷ್ಯ ದಪ್ಪಗಾಗುತ್ತಾನೆ ಎಂಬ ಸರಳ ಕಥೆ ನಿಲ್ಲುವುದಿಲ್ಲ ಎಂಬುದು ಇದರಿಂದ ಸ್ಪಷ್ಟವಾಯಿತು.

ದೀರ್ಘಾವಧಿಯ ಉತ್ತರ ಸ್ಟ್ಯಾನ್‌ಫರ್ಡ್‌ನಿಂದ ಬಂದಿದೆ. ಅಲ್ಲಿನ ಕ್ರಿಸ್ಟೊಫರ್ ಗಾರ್ಡ್ನರ್ ತಂಡ 609 ಜನರನ್ನು ಒಂದು ವರ್ಷ ಹಿಂಬಾಲಿಸಿತು. ಅರ್ಧ ಜನ ಕೊಬ್ಬು ಕಡಿಮೆ ಮಾಡಿದರು, ಅರ್ಧ ಜನ ಪಿಷ್ಟ ಕಡಿಮೆ ಮಾಡಿದರು. ಇಬ್ಬರಿಗೂ ಒಂದೇ ಸೂಚನೆ: ತರಕಾರಿ ಹೆಚ್ಚು, ಸಕ್ಕರೆ-ಮೈದಾ ಕಡಿಮೆ, ಮನೆಯ ಅಡುಗೆ. ವರ್ಷದ ಕೊನೆಗೆ ಮೊದಲ ಗುಂಪಿನವರು ಸರಾಸರಿ 5.3 ಕಿಲೊ ಇಳಿದಿದ್ದರು, ಎರಡನೆಯವರು 6 ಕಿಲೊ. ಲೆಕ್ಕಕ್ಕೆ ಬರುವಂಥ ವ್ಯತ್ಯಾಸವಿಲ್ಲ. ಪ್ರತಿ ಗುಂಪಿನೊಳಗೂ ಇಪ್ಪತ್ತು ಕಿಲೊಗೂ ಹೆಚ್ಚು ಕಳೆದುಕೊಂಡವರಿದ್ದರು, ತೂಕ ಏರಿಸಿಕೊಂಡವರೂ ಇದ್ದರು. ಯಾವ ಆಹಾರಕ್ರಮ ಎಂಬುದಕ್ಕಿಂತ ಅದನ್ನು ಯಾರು ಎಷ್ಟು ಕಾಲ ಹಿಡಿದುಕೊಳ್ಳಬಲ್ಲರು ಎಂಬುದೇ ಹೆಚ್ಚು ನಿರ್ಣಾಯಕ ಎಂದು ನಾನು ನಂಬುವುದು ಇಂಥ ಫಲಿತಾಂಶಗಳನ್ನು ನೋಡಿಯೇ.

ಚೈತನ್ಯದ ಮಾತು

ಮಧ್ಯಾಹ್ನ ಅನ್ನ-ಸಾರು ಗಡದ್ದಾಗಿ ಹೊಡೆದು ಮೂರು ಗಂಟೆಗೆ ಮೇಜಿನ ಮೇಲೆ ತೂಕಡಿಸುವವರಿಗೆ, ಪಿಷ್ಟ ಕಡಿಮೆ ಮಾಡಿದರೆ ನಿಜಕ್ಕೂ ಹಗುರ ಎನಿಸುತ್ತದೆ. ಊಟದ ನಂತರ ಸಕ್ಕರೆ ಸರ್ರನೆ ಏರಿ ಸರ್ರನೆ ಇಳಿಯುವುದು ತಪ್ಪುತ್ತದೆ. ಆದರೆ ಈ ಲಾಭಕ್ಕೆ ಕೀಟೊ ತನಕ ಹೋಗಬೇಕಿಲ್ಲ. ಅನ್ನ ಅರ್ಧ ಮಾಡಿ, ಪಲ್ಯ ಎರಡರಷ್ಟು ಮಾಡಿ, ಜೊತೆಗೆ ಒಂದು ಬಟ್ಟಲು ಕಾಳು ಅಥವಾ ಎರಡು ಮೊಟ್ಟೆ ಸೇರಿಸಿದರೂ ಆ ತೂಕಡಿಕೆ ತಗ್ಗುತ್ತದೆ.

ಬೆಣ್ಣೆ ಕಾಫಿಯ ವಿಚಾರವೂ ಇಲ್ಲಿಯೇ ಬರುತ್ತದೆ. ಟಿಬೆಟ್ಟಿನಲ್ಲಿ ಯಾಕ್ ಬೆಣ್ಣೆ ಹಾಕಿದ ಚಹಾ ಕುಡಿದ ಅನುಭವದಿಂದ ಪ್ರೇರಣೆ ಪಡೆದ ಅಮೆರಿಕದ ಉದ್ಯಮಿ ಡೇವ್ ಆಸ್ಪ್ರಿ ಇದನ್ನು ಜಗತ್ತಿಗೆಲ್ಲ ಮಾರಿದರು. ಈಗ ಬೆಂಗಳೂರಿನಲ್ಲಿ ಫಿಲ್ಟರ್ ಡಿಕಾಕ್ಷನ್‌ಗೆ ತುಪ್ಪ ಹಾಕಿ ನೊರೆ ಬರುವಂತೆ ಕಡೆದು ಕುಡಿಯುವವರಿದ್ದಾರೆ. ಎರಡು ದೊಡ್ಡ ಚಮಚ ತುಪ್ಪವೆಂದರೆ ಸುಮಾರು 250 ಕ್ಯಾಲೊರಿ. ಬಹುಪಾಲು ಪರ್ಯಾಪ್ತ ಕೊಬ್ಬು. ಪ್ರೋಟೀನ್ ಇಲ್ಲ, ನಾರು ಇಲ್ಲ. ಟಿಬೆಟ್ಟಿನ ಕುರಿಗಾಹಿ ಕೊರೆಯುವ ಚಳಿಯಲ್ಲಿ ದಿನವಿಡೀ ಬೆಟ್ಟ ಹತ್ತಿಳಿಯುತ್ತಾನೆ. ಇಲ್ಲಿ ಕುಡಿಯುವವರು ದಿನವಿಡೀ ಕುರ್ಚಿಯಲ್ಲಿ ಕೂತಿರುತ್ತಾರೆ. ಕುಡಿದಾಗ ಬರುವ ಚುರುಕಿನಲ್ಲಿ ದೊಡ್ಡ ಪಾಲು ಕಾಫಿಯದೇ.

ಓಟಗಾರರಿಗೆ, ಆಟಗಾರರಿಗೆ ಕೀಟೊ ಒಳ್ಳೆಯದೇ ಅಲ್ಲವೇ ಎಂಬುದನ್ನು ಆಸ್ಟ್ರೇಲಿಯಾದ ಲೂಯಿಸ್ ಬರ್ಕ್ ವಿಶ್ವಮಟ್ಟದ ವೇಗನಡಿಗೆ ಸ್ಪರ್ಧಿಗಳ ಮೇಲೆ ಪರೀಕ್ಷಿಸಿದ್ದಾರೆ. ಮೂರು ವಾರ ಕೀಟೊ ಊಟ ಮಾಡಿದವರ ದೇಹ ಕೊಬ್ಬನ್ನು ಉರಿಸುವುದರಲ್ಲಿ ಅದ್ಭುತವಾಗಿ ಪಳಗಿತು. ಆದರೆ ಅದೇ ವೇಗಕ್ಕೆ ಹೆಚ್ಚು ಆಮ್ಲಜನಕ ಬೇಕಾಯಿತು. ಒಂದು ಲೀಟರ್ ಆಮ್ಲಜನಕದಿಂದ ಪಿಷ್ಟ ಉರಿಸಿದಾಗ ಸಿಗುವ ಶಕ್ತಿ, ಕೊಬ್ಬು ಉರಿಸಿದಾಗ ಸಿಗುವುದಕ್ಕಿಂತ ಸ್ವಲ್ಪ ಹೆಚ್ಚು. ಏದುಸಿರು ಬಿಡುವ ಹಂತದಲ್ಲಿ ಆ ಸ್ವಲ್ಪವೇ ದುಬಾರಿ. ಪಿಷ್ಟ ತಿಂದ ಗುಂಪಿನವರು ತರಬೇತಿಯ ನಂತರ 10 ಕಿಲೋಮೀಟರ್ ನಡಿಗೆಯಲ್ಲಿ ಸಮಯ ಸುಧಾರಿಸಿಕೊಂಡರು, ಕೀಟೊ ಗುಂಪಿನವರಿಗೆ ಆ ಸುಧಾರಣೆ ದಕ್ಕಲಿಲ್ಲ. ನಿಧಾನವಾಗಿ ಗಂಟೆಗಟ್ಟಲೆ ನಡೆಯುವವರಿಗೆ ತೊಂದರೆ ಆಗದಿರಬಹುದು. ಕಬಡ್ಡಿ ಆಡುವ ಹುಡುಗನಿಗೆ, ಮ್ಯಾರಥಾನ್‌ನಲ್ಲಿ ಸಮಯ ಬೆನ್ನಟ್ಟುವವರಿಗೆ ಇದು ತಪ್ಪು ಆಯ್ಕೆ.

ಸಕ್ಕರೆ ಕಾಯಿಲೆಯವರಿಗೆ

ಕೀಟೊ ಪರವಾದ ವಾದ ಅತ್ಯಂತ ಬಲವಾಗಿರುವುದು ಎರಡನೇ ಬಗೆಯ ಸಕ್ಕರೆ ಕಾಯಿಲೆಯಲ್ಲಿ. ರಕ್ತಕ್ಕೆ ಸಕ್ಕರೆ ಸುರಿಯುವುದನ್ನು ನಿಲ್ಲಿಸಿದರೆ ಸಕ್ಕರೆ ಮಟ್ಟ ಇಳಿಯುವುದು ಸಹಜ. 23 ಪ್ರಯೋಗಗಳನ್ನು ಒಟ್ಟುಗೂಡಿಸಿ 2021ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ, ಪಿಷ್ಟ ಕಡಿಮೆ ಮಾಡಿದವರಲ್ಲಿ ಆರು ತಿಂಗಳಿಗೆ ಶೇ 57ರಷ್ಟು ಜನರ ಮೂರು ತಿಂಗಳ ಸರಾಸರಿ ಸಕ್ಕರೆ (ಎಚ್‌ಬಿಎ1ಸಿ) ಶೇ 6.5ಕ್ಕಿಂತ ಕೆಳಗೆ ಬಂದಿತ್ತು. ಉಳಿದವರಲ್ಲಿ ಶೇ 31. ಇದು ಸಣ್ಣ ಸಾಧನೆಯಲ್ಲ. ಆದರೆ ಹನ್ನೆರಡು ತಿಂಗಳ ಹೊತ್ತಿಗೆ ಆ ಮುನ್ನಡೆ ಬಹುಮಟ್ಟಿಗೆ ಕರಗಿತ್ತು. ಜನ ಹಳೆಯ ಊಟಕ್ಕೆ ಮರಳುವುದು ಇದಕ್ಕೆ ಒಂದು ಕಾರಣ.

ಇನ್ನೊಂದು ಪ್ರಯೋಗವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಬ್ರಿಟನ್ನಿನಲ್ಲಿ ಮೈಕ್ ಲೀನ್ ಮತ್ತು ರಾಯ್ ಟೇಲರ್ ನಡೆಸಿದ ಡೈರೆಕ್ಟ್ ಪ್ರಯೋಗದಲ್ಲಿ ರೋಗಿಗಳಿಗೆ ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿಯ ಪಾನೀಯಗಳನ್ನು ಮಾತ್ರ ಕೊಟ್ಟರು. ಒಂದು ವರ್ಷದ ನಂತರ ಶೇ 46ರಷ್ಟು ಜನ ಮಾತ್ರೆ ಇಲ್ಲದೆ ಸಕ್ಕರೆ ಕಾಯಿಲೆಯ ಮಿತಿಯಿಂದ ಹೊರಬಂದಿದ್ದರು. ಹದಿನೈದು ಕಿಲೊ ಅಥವಾ ಹೆಚ್ಚು ಇಳಿದವರಲ್ಲಿ ಈ ಪ್ರಮಾಣ ಶೇ 86. ಆ ಪಾನೀಯದ ಶಕ್ತಿಯಲ್ಲಿ ಶೇ 59 ಬರುತ್ತಿದ್ದುದು ಪಿಷ್ಟದಿಂದ! ಅಲ್ಲಿ ಕೆಲಸ ಮಾಡಿದ್ದು ಪಿಷ್ಟ ಬಿಟ್ಟದ್ದಲ್ಲ, ತೂಕ ಇಳಿದದ್ದು. ಯಕೃತ್ತು ಮತ್ತು ಮೇದೋಜೀರಕ ಗ್ರಂಥಿಯಲ್ಲಿ ತುಂಬಿಕೊಂಡ ಕೊಬ್ಬು ಕರಗಿದ್ದು.

ಈಗ ಮೊದಲು ಹೇಳಿದ ಅಪಾಯಕ್ಕೆ ಬರುತ್ತೇನೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳು ರಕ್ತದ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಕಳಿಸುತ್ತವೆ. ಹೃದಯಕ್ಕೆ, ಮೂತ್ರಪಿಂಡಕ್ಕೆ ಒಳ್ಳೆಯ ಮಾತ್ರೆಗಳು. ಪೇಟೆಂಟ್ ಅವಧಿ ಮುಗಿದು ಹಲವು ಕಂಪನಿಗಳು ತಯಾರಿಸತೊಡಗಿದ ಮೇಲೆ ಬೆಲೆ ಇಳಿದು ನಮ್ಮಲ್ಲಿ ಮನೆಮಾತಾಗಿವೆ. ಬೇರೆ ಬೇರೆ ಹೆಸರಿನಲ್ಲಿ, ಮೆಟ್‌ಫಾರ್ಮಿನ್ ಜೊತೆ ಬೆರೆತು ಬರುವುದರಿಂದ ತಾನು ಇದನ್ನು ನುಂಗುತ್ತಿದ್ದೇನೆ ಎಂಬುದೇ ಅನೇಕರಿಗೆ ಗೊತ್ತಿರುವುದಿಲ್ಲ. ಈ ಮಾತ್ರೆ ತಾನಾಗಿಯೇ ದೇಹವನ್ನು ಕೀಟೋನ್ ಕಡೆಗೆ ತಳ್ಳುತ್ತದೆ. ಅದರ ಮೇಲೆ ಕೀಟೊ ಊಟವೂ ಸೇರಿದರೆ ಕೀಟೋನ್ ಮಿತಿಮೀರಿ ರಕ್ತ ಆಮ್ಲೀಯವಾಗಬಹುದು. ಇದನ್ನು ಕೀಟೊಆಸಿಡೋಸಿಸ್ ಎನ್ನುತ್ತಾರೆ.

ಅದು ಕಾಣಿಸಿಕೊಳ್ಳುವ ಬಗೆ ಮೋಸ ಮಾಡುವಂಥದ್ದು. ಹೊಟ್ಟೆ ತೊಳಸುತ್ತದೆ, ವಾಂತಿಯಾಗುತ್ತದೆ, ಹೊಟ್ಟೆ ನೋಯುತ್ತದೆ. ಹೊಸ ಊಟ ಒಗ್ಗಲಿಲ್ಲ, ಗ್ಯಾಸ್ ಆಗಿದೆ ಎಂದು ಮನೆಯವರು ಸೋಡಾ ಕುಡಿಸುತ್ತಾರೆ. ವಿಪರೀತ ಆಯಾಸ, ಆಳವಾಗಿ, ವೇಗವಾಗಿ ಉಸಿರಾಟ ಶುರುವಾಗುತ್ತದೆ. ಮನೆಯಲ್ಲಿರುವ ಯಂತ್ರದಲ್ಲಿ ಸಕ್ಕರೆ ನೋಡಿದರೆ 160, 180. ಅದು ಅಷ್ಟೇನೂ ಹೆಚ್ಚಿಲ್ಲವೆಂದು ಎಲ್ಲರೂ ನಿರಾಳರಾಗುತ್ತಾರೆ. ಸಾಮಾನ್ಯ ಕೀಟೊಆಸಿಡೋಸಿಸ್‌ನಲ್ಲಿ ಸಕ್ಕರೆ ಮುನ್ನೂರು, ನಾನೂರು ದಾಟಿ ಎಚ್ಚರಿಸುತ್ತದೆ. ಇಲ್ಲಿ ಮಾತ್ರೆ ಸಕ್ಕರೆಯನ್ನು ಮೂತ್ರಕ್ಕೆ ಹರಿಸುತ್ತಿರುವುದರಿಂದ ಆ ಎಚ್ಚರಿಕೆಯೇ ಸಿಗುವುದಿಲ್ಲ. ಹೀಗಾದಾಗ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಯಾವ ಮಾತ್ರೆ ನುಂಗುತ್ತಿದ್ದೇವೆ, ಯಾವ ಊಟ ಮಾಡುತ್ತಿದ್ದೇವೆ ಎರಡನ್ನೂ ಹೇಳಿ ಕೀಟೋನ್ ಪರೀಕ್ಷೆ ಮಾಡಿಸಿಕೊಳ್ಳಬೇಕು. ಹೊತ್ತಿಗೆ ಸರಿಯಾಗಿ ಗುರುತಿಸಿದರೆ ಚಿಕಿತ್ಸೆ ಇದೆ, ತಡವಾದರೆ ಪ್ರಾಣ ಹೋಗಬಹುದು.

ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರ ಸಮಸ್ಯೆ ಇದಕ್ಕೆ ತದ್ವಿರುದ್ಧ. ಅವರ ಔಷಧಿಯ ಪ್ರಮಾಣ ನಿಗದಿಯಾಗಿರುವುದು ಮುದ್ದೆ, ಅನ್ನ ತಿನ್ನುವ ದೇಹಕ್ಕೆ. ಊಟ ಬದಲಾಗಿ ಔಷಧಿ ಬದಲಾಗದಿದ್ದರೆ ಸಕ್ಕರೆ ಪಾತಾಳಕ್ಕಿಳಿದು ಬೆವತು, ನಡುಗಿ, ಪ್ರಜ್ಞೆ ತಪ್ಪಿ ಬೀಳುತ್ತಾರೆ. ಮೊದಲನೇ ಬಗೆಯ ಸಕ್ಕರೆ ಕಾಯಿಲೆಯವರು, ಗರ್ಭಿಣಿಯರು, ಎದೆಹಾಲು ಉಣಿಸುವವರು, ಮೂತ್ರಪಿಂಡದ ಕಾಯಿಲೆ ಇರುವವರು, ಹಿಂದೆ ಮೇದೋಜೀರಕ ಗ್ರಂಥಿ ಊದಿಕೊಂಡಿದ್ದವರು ತಾವಾಗಿ ಇದರ ತಂಟೆಗೆ ಹೋಗಲೇಬಾರದು.

ನಮ್ಮ ತಟ್ಟೆಯ ದೋಷ ಯಾವುದು?

ಇಷ್ಟೆಲ್ಲ ಹೇಳಿದ ಮೇಲೂ ಕೀಟೊ ಎತ್ತಿದ ಒಂದು ಪ್ರಶ್ನೆ ನಮ್ಮ ಪಾಲಿಗೆ ಬಹಳ ಮುಖ್ಯವಾದುದು. ನಾವು ಧಾನ್ಯವನ್ನು ಅತಿಯಾಗಿ ತಿನ್ನುತ್ತಿದ್ದೇವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ನಡೆಸಿದ ದೇಶವ್ಯಾಪಿ ಅಧ್ಯಯನ 2023ರಲ್ಲಿ ಹೇಳಿದಂತೆ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಅದೇ ಅಧ್ಯಯನದ ಆಹಾರದ ಲೆಕ್ಕದ ಪ್ರಕಾರ ನಮ್ಮ ಶಕ್ತಿಯ ಸುಮಾರು ಶೇ 62 ಪಿಷ್ಟದಿಂದಲೇ ಬರುತ್ತದೆ, ಅದೂ ಬಹುಪಾಲು ಪಾಲಿಶ್ ಅಕ್ಕಿ, ನುಣ್ಣಗೆ ಬೀಸಿದ ಹಿಟ್ಟು ಮತ್ತು ಸಕ್ಕರೆಯಿಂದ. ಪ್ರೋಟೀನ್‌ನಿಂದ ಬರುವುದು ಶೇ 12 ಮಾತ್ರ.

ಇದಕ್ಕೆ ನಮ್ಮ ದೇಹದ ರಚನೆಯೂ ಜೊತೆಗೂಡುತ್ತದೆ. ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೊ ಪ್ರಕಟಿಸಿದ್ದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ 22.3. ಆದರೆ ಯುಡ್ಕಿನ್ ದೇಹದಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ದೇಹದಲ್ಲಿ ಶೇ 21.2. ನೋಡಲು ತೆಳ್ಳಗಿದ್ದು ಒಳಗೆ ಕೊಬ್ಬು ತುಂಬಿಕೊಂಡು, ಸ್ನಾಯು ಕಡಿಮೆ ಇರುವ ದೇಹ ನಮ್ಮದು. ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) ಹೆಚ್ಚು, ಒಳ್ಳೆಯ ಕೊಲೆಸ್ಟರಾಲ್ ಕಡಿಮೆ ಎಂಬುದು ನಮ್ಮ ರಕ್ತ ಪರೀಕ್ಷಾ ವರದಿಗಳಲ್ಲಿ ಪದೇಪದೇ ಕಾಣುವ ಸಾಲು. ಪಿಷ್ಟ ಇಳಿಸಿದರೆ ಟ್ರೈಗ್ಲಿಸರೈಡ್ ಚೆನ್ನಾಗಿಯೇ ಇಳಿಯುತ್ತದೆ. ಈ ವಿಚಾರದಲ್ಲಿ ಕೀಟೊದವರ ಮಾತು ನಿಜ.

ಆದರೆ ತೆಗೆದ ಜಾಗದಲ್ಲಿ ಏನು ತುಂಬುತ್ತೇವೆ? ಇಲ್ಲಿಯೇ ನನಗೆ ಕೀಟೊ ಬಗ್ಗೆ ದೊಡ್ಡ ತಕರಾರು. ನಮ್ಮ ತಟ್ಟೆಯಲ್ಲಿ ಕೊರತೆ ಇರುವುದು ಪ್ರೋಟೀನ್ ಮತ್ತು ತರಕಾರಿಯದು, ತುಪ್ಪ-ಬೆಣ್ಣೆಯದಲ್ಲ. ಸಸ್ಯಾಹಾರಿಗಳಿಗೆ ಪ್ರೋಟೀನ್ ಸಿಗುವುದೇ ತೊಗರಿ, ಹೆಸರು, ಹುರುಳಿ, ಅಲಸಂದೆ, ಕಡಲೆಗಳಿಂದ. ಅವುಗಳಲ್ಲಿ ಪಿಷ್ಟವೂ ಇರುವುದರಿಂದ ಕೀಟೊ ಅವನ್ನು ಹೊರಗಿಡುತ್ತದೆ. ಕೊನೆಗೆ ಸಸ್ಯಾಹಾರಿ ಕೀಟೊ ಎಂದರೆ ಮೂರು ಹೊತ್ತು ಪನೀರ್, ಮೇಲಿಷ್ಟು ತುಪ್ಪ, ಮಧ್ಯೆ ಬಾದಾಮಿ ಎಂಬಂತಾಗುತ್ತದೆ. ನಾರಿಲ್ಲದೆ ಮಲಬದ್ಧತೆ ಶುರುವಾಗುತ್ತದೆ. ನೂರು ಗ್ರಾಂ ರಾಗಿಯಿಂದ ಸಿಗುತ್ತಿದ್ದ 350 ಮಿಲಿಗ್ರಾಂ ಆಸುಪಾಸಿನ ಕ್ಯಾಲ್ಸಿಯಂ ತಪ್ಪಿಹೋಗುತ್ತದೆ. ಕೆಲವರಲ್ಲಿ ಹೃದಯಕ್ಕೆ ಹಾನಿಕರವಾದ ಎಲ್‌ಡಿಎಲ್ ಕೊಲೆಸ್ಟರಾಲ್ ಏರುತ್ತದೆ, ಅಪರೂಪಕ್ಕೆ ಕೆಲವರಲ್ಲಿ ಗಾಬರಿಯಾಗುವಷ್ಟು ಏರುತ್ತದೆ. ಗಾರ್ಡ್ನರ್ ತಂಡವೇ ಕೀಟೊ ಊಟವನ್ನು ಕಾಳು, ಹಣ್ಣು, ಇಡಿ ಧಾನ್ಯಗಳಿರುವ ಮೆಡಿಟರೇನಿಯನ್ ಊಟಕ್ಕೆ ಹೋಲಿಸಿ 2022ರಲ್ಲಿ ಪ್ರಕಟಿಸಿದ ಪುಟ್ಟ ಪ್ರಯೋಗದಲ್ಲಿ ಸಕ್ಕರೆಯ ಹತೋಟಿ ಎರಡರಲ್ಲೂ ಸಮನಾಗಿತ್ತು; ಎಲ್‌ಡಿಎಲ್ ಏರಿದ್ದು ಕೀಟೊದಲ್ಲಿ. ಕಾಳು, ಹಣ್ಣು, ಇಡಿ ಧಾನ್ಯ ಬಿಟ್ಟದ್ದರಿಂದ ಹೆಚ್ಚುವರಿಯಾಗಿ ಸಿಕ್ಕಿದ್ದು ಹೆಚ್ಚೇನಿಲ್ಲ. ಹೃದಯಾಘಾತ ನಮ್ಮವರಿಗೆ ಪಾಶ್ಚಾತ್ಯರಿಗಿಂತ ಚಿಕ್ಕ ವಯಸ್ಸಿನಲ್ಲೇ ಬರುತ್ತಿರುವಾಗ ಎಲ್‌ಡಿಎಲ್ ಏರಿಕೆಯನ್ನು ಹಗುರವಾಗಿ ಕಾಣುವ ಧೈರ್ಯ ನನಗಿಲ್ಲ.

ಮನೆಯ ವ್ಯವಹಾರವನ್ನೂ ಗಣಿಸಬೇಕು. ಒಬ್ಬರು ಕೀಟೊ ಹಿಡಿದರೆ ಅವರಿಗೊಂದು, ಉಳಿದವರಿಗೊಂದು ಅಡುಗೆ. ಆ ಎರಡನೇ ಅಡುಗೆ ಹೆಚ್ಚಿನ ಮನೆಗಳಲ್ಲಿ ಬೀಳುವುದು ಹೆಂಗಸಿನ ಮೇಲೆ. ಬಾದಾಮಿ ಹಿಟ್ಟಿನ ರೊಟ್ಟಿ, ದಿನನಿತ್ಯ ಪನೀರ್ ಎಲ್ಲರ ಕೈಗೆಟಕುವ ಖರ್ಚಲ್ಲ. ಪಡಿತರದ ಅಕ್ಕಿ-ರಾಗಿಯ ಮೇಲೆ ನಿಂತ ಮನೆಗೆ ಈ ಸಲಹೆಯೇ ಅರ್ಥಹೀನ. ಸಕ್ಕರೆ ಕಾಯಿಲೆಯಾದರೋ ಆ ಮನೆಗಳಿಗೂ ಕಾಲಿಟ್ಟಿದೆ.

ಹಾಗಾದರೆ ಎಷ್ಟು ಇಳಿಸಬೇಕು? ಮೊದಲು ಹೇಳಿದ ದೇಶವ್ಯಾಪಿ ಅಧ್ಯಯನದ 18,090 ಜನರ ಮಾಹಿತಿ ಆಧರಿಸಿ ಸಂಶೋಧಕರು 2022ರಲ್ಲಿ ಒಂದು ಅಂದಾಜು ಕೊಟ್ಟರು. ಸಕ್ಕರೆ ಕಾಯಿಲೆ ಹಿಮ್ಮೆಟ್ಟಲು ಪಿಷ್ಟ ಶೇ 49ರಿಂದ 54, ಪ್ರೋಟೀನ್ ಶೇ 19-20, ಕೊಬ್ಬು ಶೇ 21ರಿಂದ 26 ಇದ್ದರೆ ಒಳ್ಳೆಯದು ಎಂಬುದು ಅದರ ಸಾರ. ಇದು ಗಣಿತದ ಮಾದರಿಯಿಂದ ಬಂದ ಲೆಕ್ಕ, ಪ್ರಯೋಗದಿಂದ ಬಂದದ್ದಲ್ಲ. ಆದರೂ ನಮ್ಮ ಊಟವನ್ನೇ ನೋಡಿ ಹೇಳಿದ್ದು ಎಂಬ ಕಾರಣಕ್ಕೆ ಅದಕ್ಕೆ ಬೆಲೆ ಇದೆ.

ಅದನ್ನು ತಟ್ಟೆಗೆ ಇಳಿಸಿ ನೋಡೋಣ. ದಿನಕ್ಕೆ 1,800 ಕ್ಯಾಲೊರಿ ಉಣ್ಣುವವರಿಗೆ ಶೇ 62 ಎಂದರೆ ಸುಮಾರು 280 ಗ್ರಾಂ ಪಿಷ್ಟ; ಶೇ 50 ಎಂದರೆ 225. ವ್ಯತ್ಯಾಸ 55 ಗ್ರಾಂ, ಅಂದರೆ 70 ಗ್ರಾಂ ಅಕ್ಕಿಯ ಅನ್ನ ಅಥವಾ ಒಂದು ಸಾಧಾರಣ ಗಾತ್ರದ ಮುದ್ದೆ. ಎರಡು ಮುದ್ದೆ ಉಣ್ಣುವವರು ಒಂದಕ್ಕೆ ನಿಲ್ಲಿಸಿ, ಮೇಲೆ ಅನ್ನ-ಮಜ್ಜಿಗೆ ಎಂದು ಮತ್ತೆ ಬಡಿಸಿಕೊಳ್ಳದಿದ್ದರೆ ಅಲ್ಲಿಗೆ ತಲುಪುತ್ತಾರೆ. ಪ್ರೋಟೀನ್ ಶೇ 12ರಿಂದ 19ಕ್ಕೆ ಏರಬೇಕೆಂದರೆ ದಿನಕ್ಕೆ ಇನ್ನೂ 30 ಗ್ರಾಂ ಬೇಕು. ಎರಡು ಮೊಟ್ಟೆ, ಒಂದು ಹಿಡಿ ಶೇಂಗಾ, 50 ಗ್ರಾಂ ಹುರುಳಿಯ ಮೊಳಕೆ ಬಸ್ಸಾರು ಸೇರಿದರೆ ಅಷ್ಟಾಗುತ್ತದೆ. ಕರಾವಳಿಯವರಿಗೆ ಬಂಗುಡೆ, ಬೂತಾಯಿ ಇವೆ; ಒಳ್ಳೆಯ ಕೊಬ್ಬೂ ಅದರಲ್ಲೇ ಸಿಗುತ್ತದೆ. ಉತ್ತರ ಕರ್ನಾಟಕದ ಊಟದಲ್ಲಿ ಒಂದು ರೊಟ್ಟಿ ಕಡಿಮೆಯಾಗಿ ಮಡಕೆ ಕಾಳಿನ ಪಲ್ಯ, ಹಸಿ ಮೆಂತೆ ಸೊಪ್ಪು, ಮೊಸರು, ಶೇಂಗಾ ಚಟ್ನಿ ಹೆಚ್ಚಾದರೆ ಸಾಕು. ಇದರಲ್ಲಿ ಬೇರೆ ಅಡುಗೆ ಮಾಡಬೇಕಾದ್ದು ಯಾವುದೂ ಇಲ್ಲ. ನಾವು ನೆಂಜಿಕೊಳ್ಳಲು ಇಟ್ಟುಕೊಂಡದ್ದನ್ನು ಊಟವಾಗಿಸಿ, ಊಟವಾಗಿದ್ದ ಧಾನ್ಯವನ್ನು ಸ್ವಲ್ಪ ಹಿಂದಕ್ಕೆ ಸರಿಸುವುದು ಅಷ್ಟೆ. ರಾಗಿ, ಜೋಳ, ನವಣೆಗಳು ಒಳ್ಳೆಯವೆಂದು ಅಕ್ಕಿಯಷ್ಟೇ ಪ್ರಮಾಣದಲ್ಲಿ ಅವನ್ನು ತಿಂದರೆ ಹೆಚ್ಚಿನ ಲಾಭವಿಲ್ಲ, ಅವೂ ಪಿಷ್ಟವೇ.

ಇದನ್ನೆಲ್ಲ ಓದಿದ ಮೇಲೂ ಕೀಟೊವನ್ನೇ ಮಾಡಿ ನೋಡುತ್ತೇನೆ ಎನ್ನುವವರು ಇರುತ್ತಾರೆ. ತೂಕ ಬಹಳ ಇದ್ದು, ಸಕ್ಕರೆ ಹತೋಟಿ ತಪ್ಪಿದ್ದು, ಹಿಂದೆ ಬೇರೆ ದಾರಿ ಫಲಿಸದೆ ಇದ್ದವರಿಗೆ ಮೂರರಿಂದ ಆರು ತಿಂಗಳ ಮಟ್ಟಿಗೆ, ವೈದ್ಯರ ಕಣ್ಗಾವಲಿನಲ್ಲಿ, ಅದು ಅರ್ಥವುಳ್ಳ ಆಯ್ಕೆಯೇ. ಶುರು ಮಾಡುವ ಮೊದಲು ನುಂಗುವ ಎಲ್ಲ ಮಾತ್ರೆಗಳ ಪಟ್ಟಿಯನ್ನು ವೈದ್ಯರ ಮುಂದಿಟ್ಟು ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ತಗ್ಗಿಸಬೇಕು ಎಂದು ಬರೆಸಿಕೊಳ್ಳಬೇಕು. ರಕ್ತದೊತ್ತಡದ ಮಾತ್ರೆಯೂ ಆ ಪಟ್ಟಿಯಲ್ಲಿರಲಿ, ಏಕೆಂದರೆ ಮೊದಲ ವಾರಗಳಲ್ಲಿ ಉಪ್ಪು-ನೀರು ಹೋಗಿ ಒತ್ತಡ ಇಳಿಯುತ್ತದೆ. ಮೂರು ತಿಂಗಳ ಸರಾಸರಿ ಸಕ್ಕರೆ, ಕೊಲೆಸ್ಟರಾಲ್, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಯಕೃತ್ತಿನ ಪರೀಕ್ಷೆಗಳನ್ನು ಮೊದಲೇ ಮಾಡಿಸಿಟ್ಟುಕೊಂಡು ಮೂರು ತಿಂಗಳಿಗೆ ಮತ್ತೆ ಮಾಡಿಸಿ ಹೋಲಿಸಬೇಕು. ಎಲ್‌ಡಿಎಲ್ ಏರಿದ್ದರೆ ತುಪ್ಪ, ಬೆಣ್ಣೆ, ಕೊಬ್ಬರಿ ಎಣ್ಣೆಯ ಜಾಗಕ್ಕೆ ಶೇಂಗಾ, ಬಾದಾಮಿ, ಎಳ್ಳು, ಮೀನು ತಂದು, ಎರಡು ತಿಂಗಳು ಬಿಟ್ಟು ಇನ್ನೊಮ್ಮೆ ನೋಡಬೇಕು. ಆಗಲೂ ಇಳಿಯದಿದ್ದರೆ ತೂಕ ಎಷ್ಟೇ ಕಳೆದಿರಲಿ, ಕೀಟೊ ಬಿಟ್ಟು ಕಾಳು-ತರಕಾರಿಯ ಊಟಕ್ಕೆ ಬರುವುದು ಲೇಸು.